ಸ್ಪ್ಯಾನರ್ ಹಿಡಿಯೋ ಮೊದಲು ಮೂರು ಪ್ರಶ್ನೆ

ಭಾಗ 1/9: ಜೀಪು ಯಾಕೆ

ಆರಿದ್ರೆ ಮಳೆ ಹಿಡೀತು ಅಂದ್ರೆ ಸಾಕು, ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಮೆಸೇಜ್ ಬರೋಕೆ ಶುರು. "ಜೀಪ್ ಬೆಳಿಗ್ಗೆ ಸ್ಟಾರ್ಟೇ ಆಗ್ತಿಲ್ಲ, ಎಂತ ಮಾಡ್ಲಿ?" "ಚಡಾವಲ್ಲಿ ಹೊಗೆ ಬರ್ತಿದೆ, ಎಂಜಿನ್ ಹೋಯ್ತಾ?" "ಹೊಳೆ ದಾಟಿದ ಮೇಲೆ ಬ್ರೇಕೇ ಹಿಡೀತಿಲ್ಲ." ಅದಕ್ಕೇ ಈ ಸಲ ಒಂಬತ್ತು ಭಾಗ ಮಾಡಿ ಎಲ್ಲಾನೂ ಒಂದೇ ಕಡೆ ಬರೀತಿದ್ದೀನಿ. ಸೇವ್ ಮಾಡಿ, ಸ್ಕ್ರೀನ್‌ಶಾಟೂ ತೆಗೆದಿಟ್ಕೊಳ್ಳಿ. ಇದು ಬೇಕಾಗೋದು ನೆಟ್‌ವರ್ಕ್ ಇಲ್ಲದ ಜಾಗದಲ್ಲೇ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಜೀಪು ಯಾಕೆ ಅಂತ ಹೇಳ್ಬೇಕಾಗಿಲ್ಲ. ಬೇರೆ ಕಡೆಯಿಂದ ಓದ್ತಿರೋರಿಗೆ ಎರಡು ಮಾತು. ನಮ್ಮಲ್ಲಿ ಊರು ಅಂದ್ರೆ ಸಾಲುಮನೆ ಅಲ್ಲ. ಗುಡ್ಡದ ಈ ಕಡೆ ಒಂದು ಮನೆ, ತೋಟ ದಾಟಿ ಆ ಕಡೆ ಇನ್ನೊಂದು. ಟಾರು ರಸ್ತೆಯಿಂದ ಅಂಗಳಕ್ಕೆ ಒಂದೋ ಎರಡೋ ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಒಂದು ಚಡಾವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರು ಸಾಗರಕ್ಕೆ ಬರೋಕೆ ಲಾಂಚ್ ಕಾಯ್ಬೇಕಾಯ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಅಲ್ಲಿಯವರೆಗೆ ರಾತ್ರಿ ಹೊತ್ತು ಏನಾದ್ರೂ ಆದ್ರೆ ಕಾಡುದಾರಿ ಸುತ್ತಿ ಹೋಗೋದೊಂದೇ ಗತಿ.

2008ರಲ್ಲಿ 108 ಆಂಬುಲೆನ್ಸ್ ಬಂತು, ದೊಡ್ಡ ಉಪಕಾರ. ಆದ್ರೆ ಮಳೆಗಾಲದಲ್ಲಿ ಅದು ಟಾರು ರಸ್ತೆ ಮುಗಿಯೋ ತನಕ ಬರತ್ತೆ. ಅಲ್ಲಿಂದ ಅಂಗಳದವರೆಗೆ ಜೀಪೇ ಆಂಬುಲೆನ್ಸ್. ಅಡಿಕೆ ಮೂಟೆ, ಗೊಬ್ಬರ, ಮದುವೆ ದಿಬ್ಬಣ, ಬಾಣಂತಿ, ಎಲ್ಲಾ ಅದರಲ್ಲೇ.

ಹಾಗಾಗಿ ಜೀಪು ಸ್ಟಾರ್ಟ್ ಆಗ್ಲಿಲ್ಲ ಅನ್ನೋದು ನಮಗೆ ಬರೀ ರಿಪೇರಿ ವಿಷಯ ಅಲ್ಲ. ಈ ಒಂಬತ್ತು ಭಾಗದಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ: ಬಿಚ್ಚೋ ಮೊದಲು ಕೇಳಿ, ಅದೂ ಕ್ರಮವಾಗಿ ಕೇಳಿ.

ಭಾಗ 2/9: ಮೂರು ಪ್ರಶ್ನೆ

ಫೋಟೋದಲ್ಲಿರೋದು ನಮ್ಮನೆ ಹಳೇ ಮಹೀಂದ್ರಾ ಎಂಎಂ 540. ಪೂಜೋ ಎಂಜಿನ್, 2112 ಸಿಸಿ. ಇದೇ ಕಂಪನಿಯ 2523 ಸಿಸಿ ಡಿಐ ಎಂಜಿನ್ನಿನ ಜೀಪುಗಳೂ ನಮ್ಮ ಕಡೆ ತುಂಬಾ ಇವೆ. ಎರಡೂ ಡೀಸೆಲ್. ಪೆಟ್ರೋಲ್ ಎಂಜಿನ್ನಿನ ಹಾಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನ ಒತ್ತಿ ಒತ್ತಿ ಕಾಯಿಸತ್ತೆ, ಆ ಬಿಸಿಗೆ ಡೀಸೆಲ್ ಸಿಂಪಡಿಸತ್ತೆ, ಹೊತ್ತಿಕೊಳ್ಳತ್ತೆ. ಅಂದ್ರೆ ಬೇಕಿರೋದು ಮೂರೇ: ಗಾಳಿ, ಡೀಸೆಲ್, ಒತ್ತಡದ ಬಿಸಿ. ಜೊತೆಗೆ ಎಂಜಿನ್ನನ್ನ ತಿರುಗಿಸೋ ಬ್ಯಾಟರಿ.

ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಕೇಳ್ಬೇಕಾದ ಪ್ರಶ್ನೆ ಇವು.

ಒಂದು, ತಿರುಗ್ತಿದ್ಯಾ?
ಎರಡು, ತಿರುಗೋವಾಗ ಸೈಲೆನ್ಸರಲ್ಲಿ ಹೊಗೆ ಬರ್ತಿದ್ಯಾ?
ಮೂರು, ಬಂದ್ರೆ ಯಾವ ಬಣ್ಣ?

ಇವತ್ತು ಮೊದಲನೇದು. ಕೀ ತಿರುಗಿಸಿದ್ರೆ ಬರೀ "ಟಕ್" ಅಂತು, ಅಥವಾ ಸುಸ್ತಾದ ಎತ್ತಿನ ಹಾಗೆ ನಿಧಾನ ತಿರುಗ್ತು ಅಂತಿಟ್ಕೊಳ್ಳಿ. ಎಲ್ಲರೂ ಹೇಳೋದು "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ". ಸಾವಿರಾರು ರೂಪಾಯಿ ಕೊಡೋ ಮೊದಲು ಇಷ್ಟು ನೋಡಿ. ಮಲ್ಟಿಮೀಟರ್ ಇದ್ರೆ ಬ್ಯಾಟರಿಗೆ ಹಿಡೀರಿ. ಎಂಜಿನ್ ನಿಂತಾಗ 12.6 ವೋಲ್ಟ್ ಹತ್ರ ಇದ್ರೆ ತುಂಬಿದೆ. 12ಕ್ಕೆ ಇಳಿದಿದ್ರೆ ಚಾರ್ಜ್ ಬೇಕು. ಎಂಜಿನ್ ಓಡೋವಾಗ 13.8ರಿಂದ 14.4ರ ಒಳಗೆ ಇರಬೇಕು, ಇಲ್ದಿದ್ರೆ ಆಲ್ಟರ್ನೇಟರ್ ಅಥವಾ ಬೆಲ್ಟ್ ಕಡೆ ನೋಡಿ.

ವೋಲ್ಟೇಜ್ ಸರಿ ಇದ್ದೂ ತಿರುಗದಿದ್ರೆ ಬ್ಯಾಟರಿಯಿಂದ ಚಾಸಿಗೂ ಚಾಸಿಯಿಂದ ಎಂಜಿನ್ನಿಗೂ ಹೋಗೋ ಅರ್ತಿಂಗ್ ಪಟ್ಟಿ ನೋಡಿ. ಮಲೆನಾಡಿನ ತೇವಕ್ಕೆ ಅದರ ಬುಡ ತುಕ್ಕು ಹಿಡಿದು ಹಸಿರಾಗಿರತ್ತೆ. ಪರೀಕ್ಷೆ ಸುಲಭ. ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಸೀದಾ ಎಂಜಿನ್ ಬ್ಲಾಕಿಗೆ. ಈಗ ಜೋರಾಗಿ ತಿರುಗ್ತಾ? ಹಾಗಾದ್ರೆ ಬ್ಯಾಟರಿ ತಪ್ಪಿಲ್ಲ. ಪಟ್ಟಿ ಬಿಚ್ಚಿ, ಎಮೆರಿ ಪೇಪರಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಖರ್ಚು ಇಪ್ಪತ್ತು ನಿಮಿಷ.

ಒಂದು ಎಚ್ಚರಿಕೆ: ಒಂದೇ ಸಲಕ್ಕೆ 10–15 ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೀಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ಹೊಡೀರಿ. ಇಲ್ದಿದ್ರೆ ಸ್ಟಾರ್ಟರ್ ಮೋಟರೂ ಸುಡತ್ತೆ, ಬ್ಯಾಟರಿಯೂ ಇಳಿಯತ್ತೆ.

ಭಾಗ 3/9: ಹೊಗೆನೇ ಇಲ್ಲ

ಚೆನ್ನಾಗಿ ತಿರುಗ್ತಿದೆ, ಆದ್ರೆ ಸೈಲೆನ್ಸರಲ್ಲಿ ಒಂಚೂರೂ ಹೊಗೆ ಇಲ್ಲ. ಇದರ ಅರ್ಥ ಡೀಸೆಲ್ ಎಂಜಿನ್ನಿನ ಒಳಗೆ ಹೋಗ್ತಾನೇ ಇಲ್ಲ. ಇಲ್ಲಿ ಬ್ಯಾಟರಿ ಬದಲಾಯಿಸಿದ್ರೂ, ತಳ್ಳಿದ್ರೂ, ದೇವರಿಗೆ ಕಾಯಿ ಒಡೆದ್ರೂ ಪ್ರಯೋಜನ ಇಲ್ಲ.

ಮೊದಲು ಸುಲಭದ್ದು ನೋಡಿ. ಎಳೆದು ಆಫ್ ಮಾಡೋ ಕೇಬಲ್ ಇದ್ರೆ ಅದು ಪೂರ್ತಿ ಒಳಗೆ ಹೋಗಿದ್ಯಾ? ತುಕ್ಕಿಗೆ ಅರ್ಧದಲ್ಲೇ ಸಿಕ್ಕಿಕೊಳ್ಳತ್ತೆ. ಕೀಯಿಂದ ಆಫ್ ಆಗೋದಾದ್ರೆ, ಕೀ ಆನ್ ಮಾಡಿದಾಗ ಡೀಸೆಲ್ ಪಂಪಿನ ಮೇಲಿನ ಸೊಲೆನಾಯ್ಡ್ "ಟಿಕ್" ಅನ್ನತ್ತಾ? ಅನ್ನದಿದ್ರೆ ಅದಕ್ಕೆ ಹೋಗೋ ವೈರ್ ನೋಡಿ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಮಲಗೋಕೆ ಬರೋ ಇಲಿಗೆ ವೈರ್ ಅಂದ್ರೆ ಭಾರೀ ಇಷ್ಟ.

ಅವೆರಡೂ ಸರಿ ಇದ್ರೆ ಲೈನಲ್ಲಿ ನೀರು, ಇಲ್ಲಾ ಗಾಳಿ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ಮೇಲೆ ರಾತ್ರಿ ತಂಪಿಗೆ ತೇವ ಕಟ್ಟಿ ಇಳಿಯತ್ತೆ. ನೀರು ಡೀಸೆಲ್‌ಗಿಂತ ಭಾರ, ಅಡಿಯಲ್ಲಿ ಕೂರತ್ತೆ, ಮೊದಲು ಎಳೆಯೋದೇ ಅದು. ಅದಕ್ಕೇ ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿಡಿ.

ಗಾಳಿ ತೆಗೆಯೋ ಕ್ರಮ ಹೀಗೆ. ಫಿಲ್ಟರಿನ ಅಡಿಯ ಡ್ರೈನ್ ಸ್ಕ್ರೂ ಬಿಚ್ಚಿ ನೀರು ಪೂರ್ತಿ ಹೋಗ್ಲಿ. ಫಿಲ್ಟರ್ ತಲೆ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧ ಡೀಸೆಲ್ ಬರತ್ತೆ. ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಡೀಸೆಲ್ ಪಂಪಿನ ಬ್ಲೀಡ್ ಸ್ಕ್ರೂಗೂ ಇದನ್ನೇ ಮಾಡಿ. ಆಮೇಲೆ ಇಂಜೆಕ್ಟರ್ ಪೈಪಿನ ಎರಡು ನಟ್ ಅರ್ಧ ಸುತ್ತು ಸಡಿಲ ಮಾಡಿ ಸೆಲ್ಫ್ ಹೊಡೀರಿ. ಅಲ್ಲಿ ಡೀಸೆಲ್ ಚಿಮ್ಮಿದ ತಕ್ಷಣ ಬಿಗಿ ಮಾಡಿ. ಕೈ, ಮುಖ ಅದರ ಎದುರಿಗೆ ತರಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೋಗತ್ತೆ.

ದಿನಾ ಬೆಳಿಗ್ಗೆ ಇದೇ ಕತೆನಾ? ಹಾಗಾದ್ರೆ ಟ್ಯಾಂಕಿಂದ ಪಂಪಿಗೆ ಬರೋ ದಾರಿಯಲ್ಲೆಲ್ಲೋ ಗಾಳಿ ಎಳೀತಿದೆ. ಅಲ್ಲಿ ಡೀಸೆಲ್ ತೊಟ್ಟಿಕ್ಕೋದೇ ಇಲ್ಲ ಅನ್ನಬಹುದು, ಅದಕ್ಕೇ ಕಣ್ಣಿಗೆ ಬೀಳಲ್ಲ. ಒಂದು ಕ್ಯಾನಲ್ಲಿ ಡೀಸೆಲ್ ತುಂಬಿ ಬಾನೆಟ್ ಮಟ್ಟಕ್ಕೆ ಇಟ್ಟು, ಅಲ್ಲಿಂದ ಪಂಪಿಗೆ ಪೈಪ್ ಕೊಟ್ಟು ನೋಡಿ. ಚೆನ್ನಾಗಿ ಓಡಿದ್ರೆ ತೊಂದರೆ ಟ್ಯಾಂಕ್ ಕಡೆಯ ಪೈಪಲ್ಲಿ ಅಥವಾ ತಾಮ್ರದ ವಾಷರಲ್ಲಿ.

ಭಾಗ 4/9: ಆ ರಾತ್ರಿ

ಮೇಲಿನದನ್ನ ಓದಿ "ಇಷ್ಟೆಲ್ಲಾ ಯಾರಿಗೆ ನೆನಪಿರತ್ತೆ" ಅಂತ ಕೆಲವರು ಕಾಮೆಂಟ್ ಮಾಡಿದ್ರಿ. ನನಗೆ ಯಾಕೆ ನೆನಪಿದೆ ಅಂತ ಹೇಳ್ತೀನಿ.

ಹೊಸನಗರ ತಾಲ್ಲೂಕಿನ ನಮ್ಮನೆ, ಪುನರ್ವಸು ಮಳೆ, ರಾತ್ರಿ ಹನ್ನೊಂದು ದಾಟಿತ್ತು. ನಾನಿನ್ನೂ ಹೈಸ್ಕೂಲು. ಪಕ್ಕದ ಮನೆಯ ಹಿರಿಯರಿಗೆ ಎದೆನೋವು, ಬೆವರು. ಅವರ ಮಗ ತೋಟದ ದಾರಿಯಲ್ಲಿ ಟಾರ್ಚ್ ಹಿಡ್ಕೊಂಡು ಓಡಿ ಬಂದ. ಅಪ್ಪಯ್ಯ ಜೀಪಿಗೆ ಕೀ ಹಾಕಿದ್ರು. ತಿರುಗ್ತು, ಹತ್ತಲಿಲ್ಲ.

ಅಷ್ಟೊತ್ತಿಗೆ ಅಂಗಳದಲ್ಲಿ ಐದಾರು ಜನ. ಒಬ್ಬರು ಬ್ಯಾಟರಿ ಅಂದ್ರು, ಇನ್ನೊಬ್ಬರು ಗ್ಲೋ ಪ್ಲಗ್ ಅಂದ್ರು. ಹೆಚ್ಚಿನವರು ಹೇಳಿದ್ದು "ತಳ್ಳಿ ಇಳಿಜಾರಿಗೆ ಬಿಡಿ, ಗೇರಲ್ಲಿ ಎಬ್ಬಿಸಿದ್ರೆ ಹತ್ತತ್ತೆ". ಎಲ್ಲರದ್ದೂ ಒಳ್ಳೇ ಮನಸ್ಸೇ. ನಾಲ್ಕು ಜನ ಆಗಲೇ ಜೀಪಿನ ಹಿಂದೆ ನಿಂತು ಕೈ ಕೊಟ್ಟಿದ್ರು.

ಅಪ್ಪಯ್ಯ "ತಡೀರಿ" ಅಂದ್ರು. ನನ್ನ ಕೈಗೆ ಟಾರ್ಚ್ ಕೊಟ್ಟು ಸೈಲೆನ್ಸರ್ ಹತ್ರ ಕೂರಿಸಿ, ಮತ್ತೊಮ್ಮೆ ಸೆಲ್ಫ್ ಹೊಡೆದು ಕೇಳಿದ್ರು: "ಹೊಗೆ ಬಂತಾ?"

"ಇಲ್ಲ."

"ಸ್ವಲ್ಪನೂ?"

"ಇಲ್ಲ."

ಅವರು ಬಾನೆಟ್ ಎತ್ತಿ ಫಿಲ್ಟರಿನ ಡ್ರೈನ್ ಸ್ಕ್ರೂ ಬಿಚ್ಚಿದ್ರು. ಲೋಟ ಹಿಡಿದ್ರೆ ಕಾಲು ಲೋಟ ನೀರು. ಆಮೇಲೆ ಭಾಗ 3ರಲ್ಲಿ ಬರೆದೆನಲ್ಲ, ಅದೇ ಕ್ರಮ. ಕೈಪಂಪ್ ಒತ್ತಿದವ ನಾನೇ. ಹೆಬ್ಬೆರಳು ನೋಯೋ ತನಕ ಒತ್ತಿದ್ದೆ. ಹದಿನೈದು ನಿಮಿಷ ಆಗಿರಬಹುದು, ಜೀಪು ಬಿಳಿ ಹೊಗೆ ಬಿಟ್ಟು, ಕೆಮ್ಮಿ, ಎದ್ದು ನಿಂತ್ಕೊಂಡ್ತು.

ಈಗ ಆ ತಳ್ಳೋ ವಿಚಾರ. ನಮ್ಮನೆ ಇಳಿಜಾರು ಹೋಗಿ ಮುಗಿಯೋದು ತೋಟದ ಕಪ್ಪಿನ ಹತ್ರ. ರಸ್ತೆ ಇರೋದು ಮೇಲೆ. ಡೀಸೆಲ್ ಬಾರದ ಜೀಪನ್ನ ಕೆಳಗೆ ಬಿಟ್ಟಿದ್ರೆ ಆ ಕೆಸರಲ್ಲಿ ಅದನ್ನ ಮೇಲೆ ತರೋಕೆ ಬೆಳಿಗ್ಗೆ ಟ್ರ್ಯಾಕ್ಟರೇ ಬರಬೇಕಿತ್ತು. ಒಂದು ಪ್ರಶ್ನೆ, ಒಂದು ಟಾರ್ಚು, ಅಷ್ಟರಲ್ಲಿ ಅದು ತಪ್ಪಿತು.

ಆ ಹಿರಿಯರು ಆಸ್ಪತ್ರೆ ಸೇರಿದ್ರು. ಅದಾದ ಮೇಲೆ ಹನ್ನೊಂದು ವರ್ಷ ಬದುಕಿದ್ರು. ಪ್ರತಿ ವರ್ಷ ಕೊನೆಕೊಯ್ಲಿನ ಹೊತ್ತಿಗೆ ನಮ್ಮನೆ ಚಪ್ಪರಕ್ಕೆ ಬಂದು ಅಡಿಕೆ ಸುಲಿಯೋಕೆ ಕೂರ್ತಿದ್ರು. ಜೀಪಿನ ಮಾತು ಎತ್ತಿದ್ದೇ ಇಲ್ಲ. ಆದ್ರೆ ಮಳೆಗಾಲ ಬರೋ ಮೊದಲು ಒಂದ್ಸಲ ಕೇಳೋರು: "ಡೀಸೆಲ್ ತುಂಬ್ಸಿಟ್ಟಿದೀಯಲ?"

ಭಾಗ 5/9: ಹೊಗೆಯ ಬಣ್ಣ

ಮೂರನೇ ಪ್ರಶ್ನೆ. ಹೊಗೆ ಬರ್ತಿದೆ, ಆದ್ರೆ ಯಾವ ಬಣ್ಣ? ಇದಕ್ಕೆ ಯಾವ ಯಂತ್ರವೂ ಬೇಡ, ಬೆಳಕಿರೋ ಹೊತ್ತಲ್ಲಿ ಹಿಂದೆ ನಿಂತು ನೋಡಿದ್ರಾಯ್ತು.

ಬಿಳಿ: ಸೆಲ್ಫ್ ಹೊಡೆದಾಗ ಬಿಳಿ ಹೊಗೆ ಬಂದು ಎಂಜಿನ್ ಹತ್ತದಿದ್ರೆ, ಡೀಸೆಲ್ ಬರ್ತಿದೆ, ಉರೀತಿಲ್ಲ ಅಂತ. ಪೂಜೋ ಎಂಜಿನ್ನಿಗೆ ಗ್ಲೋ ಪ್ಲಗ್ ಇದೆ. ಚಳಿ ಬೆಳಿಗ್ಗೆ 15–20 ಸೆಕೆಂಡ್ ಕಾಯಿಸಿ. ಆದ್ರೂ ಹತ್ತದಿದ್ರೆ ಪ್ಲಗ್ಗಿಗೆ ಕರೆಂಟ್ ಬರ್ತಿದ್ಯಾ ನೋಡಿ. ಡಿಐ ಎಂಜಿನ್ನಿಗೆ ಗ್ಲೋ ಪ್ಲಗ್ಗೇ ಇಲ್ಲ, ಅದರಲ್ಲಿ ಹುಡುಕಿ ಸುಸ್ತಾಗಬೇಡಿ. ಓಡೋವಾಗಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಲ್ಲಿ ನೀರು ಕಮ್ಮಿ ಆಗ್ತಾ ಇದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ತಣ್ಣಗಿರೋ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರಲ್ಲಿ ಅನ್ನ ಕುದ್ದ ಹಾಗೆ ಗುಳ್ಳೆ ನಿಲ್ಲದೇ ಬಂದ್ರೆ ಅನುಮಾನ ನಿಜ. ಮಳೆಗಾಲದ ಬೆಳಿಗ್ಗೆ ಎರಡು ನಿಮಿಷ ಆವಿ ಬಂದು ನಿಂತ್ರೆ ಅದು ಬರೀ ತೇವ, ಹೆದರಬೇಡಿ.

ಕಪ್ಪು: ಡೀಸೆಲ್ ಹೆಚ್ಚು, ಗಾಳಿ ಕಮ್ಮಿ. ಮೊದಲು ಏರ್ ಫಿಲ್ಟರ್. ಹಳೇ ಜೀಪಲ್ಲಿ ಎಣ್ಣೆ ಬಟ್ಟಲಿನ ಫಿಲ್ಟರ್ ಇರತ್ತೆ. ಆ ಎಣ್ಣೆ ಕೆಸರಾಗಿದ್ರೆ ತೊಳೆದು ಹೊಸದು ಹಾಕಿ, ಗುರುತಿನ ತನಕ ಮಾತ್ರ. ಆಮೇಲೂ ಹೋಗದಿದ್ರೆ ಇಂಜೆಕ್ಟರ್ ಪರೀಕ್ಷೆ ಮಾಡ್ಸಿ. ಭಾರ ಹೇರಿ ಚಡಾವು ಹತ್ತೋವಾಗ ಒಂಚೂರು ಕಪ್ಪು ಹೊಗೆ ಹಳೇ ಎಂಜಿನ್ನಿನ ಸ್ವಭಾವ.

ನೀಲಿ: ಎಂಜಿನ್ ಆಯಿಲ್ ಉರೀತಿದೆ. ಬೆಳಿಗ್ಗೆ ಮೊದಲ ಸ್ಟಾರ್ಟಲ್ಲಿ ಮಾತ್ರ ಬಂದು ಹೋದ್ರೆ ವಾಲ್ವ್ ಸೀಲ್ ಇರಬಹುದು. ಚಡಾವಲ್ಲಿ ಬಂದ್ರೆ ಪಿಸ್ಟನ್ ರಿಂಗ್. ಎಂಜಿನ್ ಓಡ್ತಾ ಇರೋವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ, ಉಗಿಬಂಡಿ ಥರ ಬುಸ್ ಬುಸ್ ಅಂದ್ರೆ ರಿಂಗ್ ಸವೆದಿದೆ.

ಅಪರೂಪಕ್ಕೆ ಸವೆದ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ರೇಸ್ ಆಗೋಕೆ ಶುರು ಮಾಡತ್ತೆ, ಕೀ ತೆಗೆದ್ರೂ ನಿಲ್ಲಲ್ಲ. ಆಗ ಬ್ರೇಕ್ ಗಟ್ಟಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟುಬಿಡಿ. ಇಲ್ಲಾ ಗಾಳಿ ಎಳೆಯೋ ಬಾಯಿಗೆ ಹಲಗೆ ಒತ್ತಿ ಹಿಡೀರಿ. ಕೈ ಒಡ್ಡಬೇಡಿ.

ಭಾಗ 6/9: ಹಳ್ಳ ದಾಟೋದು

ಈ ಫೋಟೋಗೆ ಲೈಕ್ ಜಾಸ್ತಿ ಬರತ್ತೆ ಅಂತ ಗೊತ್ತು. ನೀರು ಎರಡೂ ಕಡೆ ರೆಕ್ಕೆ ಬಿಚ್ಚಿದ ಹಾಗೆ ಹಾರ್ತಿದೆ. ಆದ್ರೆ ನಿಜವಾಗಿ ಹಳ್ಳ ದಾಟೋದು ಹೀಗಲ್ಲ. ಇದು ಡಿಸೆಂಬರಲ್ಲಿ ಅರ್ಧ ಅಡಿ ನೀರಲ್ಲಿ ತೆಗೆದಿದ್ದು.

ಮಳೆಗಾಲದಲ್ಲಿ ಮೊದಲು ಇಳೀಬೇಕಾದ್ದು ಕೋಲು ಹಿಡಿದ ಮನುಷ್ಯ, ಜೀಪಲ್ಲ. ಮನುಷ್ಯ ನಿಲ್ಲೋಕಾಗದ ಸೆಳವಿದ್ರೆ ಜೀಪೂ ಹೋಗಬಾರದು. ಎರಡು ಅಡಿ ಹರಿಯೋ ನೀರು ಹೆಚ್ಚಿನ ವಾಹನಗಳನ್ನ ಎತ್ತಿ ಒಯ್ಯತ್ತೆ. ಕಾಯೋದ್ರಲ್ಲಿ ಅವಮಾನ ಏನಿಲ್ಲ. ನಮ್ಮ ಹಳ್ಳಗಳು ಏರಿದಷ್ಟೇ ಬೇಗ ಇಳಿಯತ್ವೆ. ಒಂದು ಕವಳ ಹಾಕೋ ಹೊತ್ತು ಕಾದ್ರೂ ವ್ಯತ್ಯಾಸ ಕಾಣತ್ತೆ.

ದಾಟೋದಾದ್ರೆ ಲೋ ಗೇರ್, ಒಂದೇ ವೇಗ, ನಡುವೆ ನಿಲ್ಲೋದು ಬೇಡ, ಕ್ಲಚ್ ಒತ್ತೋದು ಬೇಡ.

ನಡುವೆ ಎಂಜಿನ್ ಆಫ್ ಆಯ್ತು ಅಂದ್ಕೊಳ್ಳಿ. ಇಲ್ಲಿ ಎಲ್ಲರ ಕೈ ಕೀ ಕಡೆ ಹೋಗತ್ತೆ. ದಯವಿಟ್ಟು ಬೇಡ. ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. ಸಿಲಿಂಡರಿಗೆ ನೀರು ಹೋಗಿದ್ದು ನೀವು ಸೆಲ್ಫ್ ಹೊಡೆದ್ರೆ ಕನೆಕ್ಟಿಂಗ್ ರಾಡ್ ಬಗ್ಗತ್ತೆ. ಅಲ್ಲಿಗೆ ಎಂಜಿನ್ ಇಳಿಸೋ ಕೆಲಸ. ಮೊದಲು ಎಳೆದು ಆಚೆ ತನ್ನಿ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಅದು ಒಣಗಿದ್ರೆ ನೀರು ಒಳಗೆ ಹೋಗಿಲ್ಲ. ಒದ್ದೆ ಇದ್ರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಎಂಜಿನ್ನನ್ನ ಕೈಯಲ್ಲೇ ತಿರುಗಿಸಿ. ನೀರು ಆ ತೂತಿಂದ ಹೊರಗೆ ಹಾರತ್ತೆ. ಆಮೇಲೆ ಡಿಪ್‌ಸ್ಟಿಕ್ ನೋಡಿ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಬದಲಾಯಿಸದೆ ಸ್ಟಾರ್ಟ್ ಮಾಡ್ಬೇಡಿ.

ದಾಟಿ ಬಂದ ಮೇಲೂ ಕೆಲಸ ಇದೆ. ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣನೆ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿಂದಲೋ ಸವೆದ ಸೀಲಿಂದಲೋ ನೀರನ್ನ ಒಳಗೆ ಎಳ್ಕೊಳ್ಳತ್ತೆ. ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಅಡಿಯ ಪ್ಲಗ್ ನಿಧಾನ ಸಡಿಲಿಸಿ. ನೀರಿದ್ರೆ ಮೊದಲು ಅದೇ ತೊಟ್ಟಿಕ್ಕತ್ತೆ. ಬ್ರೀದರ್ ತೂತಿಗೆ ಕೆಸರು ಮೆತ್ತಿದ್ರೆ ತೆಗೀರಿ. ಗ್ರೀಸ್ ನಿಪ್ಪಲ್‌ಗಳಿಗೆ ಹಳೇ ಗ್ರೀಸ್ ಹೊರಗೆ ಬರೋ ತನಕ ಹೊಸದು ಹೊಡೀರಿ.

ಭಾಗ 7/9: ಚಡಾವು, ಬಿಸಿ, ಕೊಡಚಾದ್ರಿ

ಕೊಡಚಾದ್ರಿ 1343 ಮೀಟರ್. ಕೊಲ್ಲೂರು, ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಜನ ತುಂಬ್ಕೊಂಡು ಹತ್ತೋ ಜೀಪುಗಳನ್ನ ನೀವೂ ನೋಡಿರ್ತೀರಿ, ಕೂತೂ ಇರ್ತೀರಿ. ಕೂತೋರಿಗೆ ಸೊಂಟದ ಚಿಂತೆ, ಓಡ್ಸೋರ ಕಣ್ಣು ಮಾತ್ರ ಟೆಂಪರೇಚರ್ ಮುಳ್ಳಿನ ಮೇಲೆ.

ಹೈವೇಲಿ ಓಡೋವಾಗ ಗಾಳಿ ತಾನಾಗೇ ರೇಡಿಯೇಟರಿಗೆ ಬಡಿಯತ್ತೆ. ಚಡಾವಲ್ಲಿ ಲೋ ಗೇರಲ್ಲಿ ನಡೆಯೋ ವೇಗಕ್ಕೆ ಹತ್ತೋವಾಗ ಎಂಜಿನ್ ಪೂರ್ತಿ ದುಡೀತಿರತ್ತೆ, ಗಾಳಿ ಕೊಡೋದು ಫ್ಯಾನ್ ಒಂದೇ. ಅದಕ್ಕೇ ಬಯಲಲ್ಲಿ ಸುಮ್ಮನಿರೋ ದೋಷ ಇಲ್ಲಿ ಹೊರಗೆ ಬರತ್ತೆ.

ಬಿಸಿ ಏರ್ತಿದ್ರೆ ಕ್ರಮವಾಗಿ ನೋಡಿ. ಫ್ಯಾನ್ ಬೆಲ್ಟನ್ನ ನಡುವೆ ಹೆಬ್ಬೆರಳಲ್ಲಿ ಒತ್ತಿ, ಸುಮಾರು ಅರ್ಧ ಇಂಚು ಬಗ್ಗಬೇಕು. ಹೆಚ್ಚು ಬಗ್ಗಿದ್ರೆ ಜಾರ್ತಿದೆ. ರೇಡಿಯೇಟರಿನ ಮುಂದೆ ಹುಲ್ಲುಬೀಜ, ಕೆಸರು ಕೂತಿದ್ರೆ ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಹೊಡೀರಿ. ಮುಂದಿನಿಂದ ಹೊಡೆದ್ರೆ ಇನ್ನೂ ಒಳಗೆ ಕೂರತ್ತೆ. ಮುಚ್ಚಳದ ರಬ್ಬರ್ ನೋಡಿ, ಒತ್ತಡ ನಿಲ್ಲದಿದ್ರೆ ನೀರು ಬೇಗ ಕುದಿಯತ್ತೆ. ಕೊನೆಗೆ ಥರ್ಮೋಸ್ಟಾಟ್. ಅದನ್ನ ಕಿತ್ತು ಬಿಸಾಕೋ ರೂಢಿ ನಮ್ಮ ಕಡೆ ಇದೆ. ಹಾಗೆ ಮಾಡಿದ್ರೆ ಮಳೆಗಾಲದಲ್ಲಿ ಎಂಜಿನ್ ಬಿಸಿಯೇರದೆ ಹೊಗೆಯೂ ಹೆಚ್ಚು, ಸವೆತವೂ ಹೆಚ್ಚು. ಕೆಟ್ಟಿದ್ರೆ ಹೊಸದು ಹಾಕಿ.

ಬಿಸಿ ರೇಡಿಯೇಟರಿನ ಮುಚ್ಚಳ ತೆಗೀಬೇಡಿ, ಮುಖ ಸುಡತ್ತೆ. ಅರ್ಧ ಗಂಟೆಗೂ ಹೆಚ್ಚು ಬಿಡಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿದ್ರೆ ಹೆಡ್ ಬಿರುಕು ಬಿಡಬಹುದು. ಆರಿದ ಮೇಲೆ, ಎಂಜಿನ್ ಓಡಿಸ್ತಾ, ನಿಧಾನ ಹಾಕಿ.

ಫೋರ್ ವೀಲ್ ಬಗ್ಗೆ ಒಂದು ಮಾತು. ಈ ಜೀಪುಗಳಲ್ಲಿ ಅದು ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗಕ್ಕೆ ಕಟ್ಟಿಬಿಡತ್ತೆ. ಕೆಸರಲ್ಲಿ ಚಕ್ರ ಜಾರಿ ಹೊಂದಿಕೊಳ್ಳತ್ತೆ, ಟಾರಲ್ಲಿ ಜಾರೋಕಾಗಲ್ಲ, ಒಳಗೆ ಬಿಗಿ ಹೆಚ್ಚುತ್ತಾ ಹೋಗತ್ತೆ. ಟಾರು ಬಂದ ತಕ್ಷಣ ಟೂ ವೀಲಿಗೆ ಹಾಕಿ. ಲಿವರ್ ಬರ್ತಿಲ್ವಾ? ಗುದ್ದಬೇಡಿ. ನಾಲ್ಕು ಅಡಿ ರಿವರ್ಸ್ ತಗೊಳ್ಳಿ, ಬಿಗಿ ಸಡಿಲಾಗಿ ತಾನೇ ಬರತ್ತೆ.

ಭಾಗ 8/9: ಇಳಿಯೋದು

ಹತ್ತೋವಾಗ ಕೆಟ್ಟರೆ ಜೀಪು ನಿಲ್ಲತ್ತೆ. ಇಳಿಯೋವಾಗ ಕೆಟ್ಟರೆ ನಿಲ್ಲಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿಯ 14 ತಿರುವು, ಹೊಸನಗರದಿಂದ ಹುಲಿಕಲ್ ಬಾಳೆಬರೆ ಘಾಟಿ, ಎರಡರಲ್ಲೂ ನಿಯಮ ಒಂದೇ: ಯಾವ ಗೇರಲ್ಲಿ ಹತ್ತಬೇಕಾಗಿತ್ತೋ ಅದೇ ಗೇರಲ್ಲಿ ಇಳೀರಿ. ಡೀಸೆಲ್ ಉಳಿಯತ್ತೆ ಅಂತ ನ್ಯೂಟ್ರಲ್ ಹಾಕಿದ್ರೆ ಪೂರ್ತಿ ಭಾರ ಬ್ರೇಕ್ ಡ್ರಮ್ಮಿನ ಮೇಲೆ ಬಿತ್ತು.

ಬ್ರೇಕಿನ ದೋಷ ಕಾಲಿಗೆ ಗೊತ್ತಾಗತ್ತೆ. ಪೆಡಲ್ ಗಟ್ಟಿ ಇದೆ, ಆದ್ರೆ ಜೀಪು ನಿಲ್ತಿಲ್ಲ, ಸುಟ್ಟ ವಾಸನೆ: ಲೈನಿಂಗ್ ಕಾದಿದೆ, ನಿಲ್ಲಿಸಿ ಆರೋಕೆ ಬಿಡಿ, ನೀರು ಹಾಕಬೇಡಿ. ಪೆಡಲ್ ಸ್ಪಂಜಿನ ಹಾಗಿದೆ: ಲೈನಲ್ಲಿ ಗಾಳಿ, ಅಥವಾ ಹಳೇ ಬ್ರೇಕ್ ಆಯಿಲ್ ಬಿಸಿಗೆ ಕುದ್ದಿದೆ. ಆ ಆಯಿಲ್ ಗಾಳಿಯ ತೇವ ಹೀರ್ಕೊಳ್ಳತ್ತೆ, ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಲೇಬೇಕು. ಒತ್ತಿ ಹಿಡಿದ್ರೆ ಪೆಡಲ್ ಮೆಲ್ಲಗೆ ಕೆಳಗಿಳಿಯತ್ತೆ, ಹೊರಗೆಲ್ಲೂ ಸೋರ್ತಿಲ್ಲ: ಮಾಸ್ಟರ್ ಸಿಲಿಂಡರ್. ಒಂದೇ ಕಡೆ ಎಳೆಯತ್ತೆ: ಯಾವುದೋ ಚಕ್ರದಲ್ಲಿ ಆಯಿಲ್ ಸೋರಿ ಲೈನಿಂಗ್ ನೆನೆದಿದೆ. ಹಳ್ಳ ದಾಟಿದ ಮೇಲೆ ಮಾತ್ರ ಹಿಡೀತಿಲ್ಲ: ಡ್ರಮ್ ಒದ್ದೆ, ಪೆಡಲ್ ಮೇಲೆ ಕಾಲು ಹಗುರಾಗಿ ಇಟ್ಟು ನೂರಿನ್ನೂರು ಮೀಟರ್ ನಿಧಾನ ಹೋದ್ರೆ ಒಣಗತ್ತೆ.

ಸದ್ದುಗಳನ್ನೂ ಕೇಳಿ. ನಿಧಾನ ಹೋಗೋವಾಗ ಅಡಿಯಿಂದ ಹಕ್ಕಿ ಮರಿ ಥರ "ಚೀಂವ್ ಚೀಂವ್": ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಒಣಗಿದೆ, ಗ್ರೀಸ್ ಕೇಳ್ತಿದೆ. ಕ್ಲಚ್ ಬಿಟ್ಟಾಗ "ಟಣ್": ಅದೇ ಕ್ರಾಸ್ ಸವೆದಿದೆ, ಗ್ರೀಸಿಂದ ಸರಿಯಾಗಲ್ಲ. ಒಂದು ಗುಂಡಿ ಹಾರಿದ ಮೇಲೆ ಸ್ಟೀರಿಂಗ್ ಹಿಡಿಯೋಕಾಗದ ಹಾಗೆ ನಡುಗ್ತಾ? ವೇಗ ಇಳಿಸಿ ನಿಲ್ಲಿಸಿ. ಆಮೇಲೆ ಒಬ್ಬರು ಸ್ಟೀರಿಂಗ್ ಅತ್ತಿತ್ತ ಆಡಿಸಿ, ಇನ್ನೊಬ್ಬರು ಕೆಳಗೆ ಮಲಗಿ ನೋಡಿ. ಟೈ ರಾಡ್ ತುದಿ, ಕಿಂಗ್‌ಪಿನ್ ಬೇರಿಂಗ್, ಎಲ್ಲಿ ಆಟ ಇದೆ ಅಂತ ಕಣ್ಣಿಗೇ ಕಾಣತ್ತೆ.

ಭಾಗ 9/9: ಹೊಸ ಗಾಡಿ, ಹಳೇ ಪ್ರಶ್ನೆ

ತುಂಬಾ ಜನ ಕೇಳಿದ್ರಿ, "ನಮ್ಮದು ಹೊಸ ಗಾಡಿ, ಇದೆಲ್ಲಾ ಅದಕ್ಕೂ ಆಗತ್ತಾ?"

ಅರ್ಧ ಆಗತ್ತೆ, ಅರ್ಧ ಆಗಲ್ಲ. ಆಗದ್ದನ್ನ ಮೊದಲು ಹೇಳ್ತೀನಿ, ಯಾಕಂದ್ರೆ ಅದು ಜೀವದ ಪ್ರಶ್ನೆ. ಕಾಮನ್ ರೈಲ್ ಡೀಸೆಲ್ ಎಂಜಿನ್ನಲ್ಲಿ ಒತ್ತಡ ಸಾವಿರ ಬಾರ್ ದಾಟತ್ತೆ. 2020ರ ಏಪ್ರಿಲ್ 1ರ ನಂತರದ ಬಿಎಸ್ 6 ಡೀಸೆಲ್ ಗಾಡಿಗಳೆಲ್ಲಾ ಇದೇ ಥರದವು ಅಂದ್ಕೊಂಡೇ ನಡ್ಕೊಳ್ಳಿ. ಭಾಗ 3ರಲ್ಲಿ ಹೇಳಿದ ಹಾಗೆ ಇಂಜೆಕ್ಟರ್ ನಟ್ ಸಡಿಲಿಸೋದು ಇದಕ್ಕೆ ಖಂಡಿತಾ ಬೇಡ. ಸೆನ್ಸರ್ ಕೆಟ್ಟರೆ ಸ್ಕ್ಯಾನರ್ ಬೇಕು, ಸ್ಕ್ಯಾನರ್ ಇರೋ ಜಾಗಕ್ಕೆ ಎಳೆದೇ ತರಬೇಕು.

ಆದ್ರೆ ಬ್ಯಾಟರಿ, ಅರ್ತಿಂಗ್, ಇಲಿ ಕಡಿದ ವೈರ್, ಫಿಲ್ಟರಿನ ನೀರು, ಬೆಲ್ಟ್, ಬ್ರೇಕ್ ಆಯಿಲ್, ಹಳ್ಳದಲ್ಲಿ ಆಫ್ ಆದ ಎಂಜಿನ್, ಇವು ಹೊಸತಕ್ಕೂ ಹಳತಕ್ಕೂ ಒಂದೇ. ಶೋರೂಮಿಗೆ ಫೋನ್ ಮಾಡೋವಾಗಲೂ "ಗಾಡಿ ಕೆಟ್ಟಿದೆ" ಅನ್ನೋದಕ್ಕಿಂತ "ತಿರುಗ್ತಿದೆ, ಹೊಗೆ ಇಲ್ಲ, ನಿನ್ನೆ ಹಳ್ಳ ದಾಟಿದ್ದೆ" ಅಂದ್ರೆ ಬರೋ ಮೆಕ್ಯಾನಿಕ್ ಸರಿಯಾದ ಸಾಮಾನು ತರ್ತಾನೆ.

ಸೀಟಿನಡಿ ಇಡಬೇಕಾದ್ದು: 8ರಿಂದ 19ರ ತನಕ ಸ್ಪ್ಯಾನರ್, ಒಂದು ಫ್ಯಾನ್ ಬೆಲ್ಟ್, ಒಂದು ಮೀಟರ್ ಡೀಸೆಲ್ ಪೈಪ್ ಮತ್ತು ಕ್ಲಿಪ್, ತಾಮ್ರದ ವಾಷರ್, ಫ್ಯೂಸ್, ವೈರ್, ಇನ್ಸುಲೇಷನ್ ಟೇಪ್, ಜಂಪರ್ ಕೇಬಲ್, ಎಳೆಯೋ ಹಗ್ಗ, ಟಾರ್ಚ್, ಎರಡು ಲೀಟರ್ ನೀರು, ಹಳೇ ಟ್ಯೂಬಿನ ಪಟ್ಟಿ, ಒಂದು ಬಟ್ಟೆ ಸೋಪು. ಸೋಪು ಯಾಕೆ ಅಂದ್ರೆ, ಡೀಸೆಲ್ ಟ್ಯಾಂಕಿಗೆ ಕಲ್ಲು ಬಡಿದು ಸೋರಿದ್ರೆ ಅದನ್ನ ತಿಕ್ಕಿ ಮೆತ್ತಿದ್ರೆ ಮನೆ ಮುಟ್ಟೋ ತನಕ ನಿಲ್ಲತ್ತೆ.

ನಮ್ಮ ಮೂರೂ ತಾಲ್ಲೂಕಲ್ಲಿ ಸದ್ದು ಕೇಳೇ ದೋಷ ಹೇಳೋ ಮೇಸ್ತ್ರಿಗಳು ಇದ್ದಾರೆ. ವಯಸ್ಸಾಗ್ತಿದೆ. ಮಕ್ಕಳು ಬೆಂಗಳೂರಲ್ಲಿ. ಅವರಿಗೆ ಗೊತ್ತಿರೋದು ಯಾವ ಮ್ಯಾನ್ಯುಯಲ್‌ನಲ್ಲೂ ಈ ಮಳೆಗೆ, ಈ ಮಣ್ಣಿಗೆ ಹೊಂದಿಸಿ ಬರೆದಿಲ್ಲ. ಮುಂದಿನ ಸಲ ಗಾಡಿ ಬಿಟ್ಟು ಟೀ ಕುಡಿಯೋಕೆ ಹೋಗ್ಬೇಡಿ. ಪಕ್ಕದಲ್ಲಿ ನಿಂತು "ಹೇಗೆ ಗೊತ್ತಾಯ್ತು?" ಅಂತ ಕೇಳಿ, ಮೊಬೈಲಲ್ಲಿ ಬರ್ಕೊಳ್ಳಿ. ಹೆಣ್ಣುಮಕ್ಕಳಿಗೂ ಕಲಿಸಿ. ಗಂಡಸರು ಪೇಟೆಗೆ ಹೋದ ದಿನವೂ ಹಾವು ಕಚ್ಚತ್ತೆ, ಜ್ವರ ಬರತ್ತೆ.

ಈ ಭಾನುವಾರ ಹತ್ತು ನಿಮಿಷ ಕೊಡಿ. ಬೆಳಿಗ್ಗೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ, ಹಿಂದೆ ನಿಂತು ಹೊಗೆ ನೋಡಿ, ಪಕ್ಕದಲ್ಲಿ ನಿಂತು ಸದ್ದು ಕೇಳಿ. ಚೆನ್ನಾಗಿದ್ದಾಗ ಹೇಗಿರತ್ತೆ ಅಂತ ಗೊತ್ತಿದ್ರೇನೇ ಕೆಟ್ಟಾಗ ಗೊತ್ತಾಗೋದು. ಏನು ಕಂಡ್ತು ಅಂತ ಕಾಮೆಂಟಲ್ಲಿ ಬರೀರಿ, ಒಂದೊಂದಕ್ಕೂ ಉತ್ತರ ಕೊಡ್ತೀನಿ. ಡೀಸೆಲ್ ತುಂಬ್ಸಿಡಿ.

#ಮಲೆನಾಡು #ಜೀಪು #ಸಾಗರ #ಹೊಸನಗರ #ತೀರ್ಥಹಳ್ಳಿ #ಮಳೆಗಾಲ